ಗೋಡೆ ಬದಿಯ ನೀರು

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ರೈಲು ಬಂತು. ಧಾತು ಈಶ್ವರ ಬರದ ನೆನಪು ಇನ್ನೂ ಮಾಸಿರಲಿಲ್ಲ. ಕಾಳಿರುವ ಕಡೆಯಿಂದ ಹಸಿದ ಕಡೆಗೆ ಬೇಗ ಸಾಗಿಸಬೇಕಾದರೆ ಹಳಿ ಬೇಕೆಂಬ ಪಾಠವನ್ನು ಮೈಸೂರು ಸಂಸ್ಥಾನ ಆ ಬರದಲ್ಲೇ ಕಲಿತಿತ್ತು. ಹಳಿ ಗುಬ್ಬಿಯ ಮೇಲೆ ಹಾದು 1889ರ ಹೊತ್ತಿಗೆ ಹರಿಹರ ಮುಟ್ಟಿತು. ಈ ದಾರಿಯಲ್ಲಿ ದಶಕಗಟ್ಟಲೆ ಓಡಿದ ಉಗಿಬಂಡಿಗಳ ಡ್ರೈವರ್ ಕಣ್ಣು ಕೀಲಿಸಿ ನೋಡುತ್ತಿದ್ದದ್ದು ಮುಖ್ಯವಾಗಿ ಎರಡು ಉಪಕರಣಗಳನ್ನು. ಒಂದು, ಉಗಿಯ ಒತ್ತಡ ತೋರಿಸುವ ಮುಳ್ಳಿನ ಗೇಜು. ಇನ್ನೊಂದು, ಬಾಯ್ಲರಿನೊಳಗೆ ನೀರು ಎಲ್ಲಿಯವರೆಗೆ ಇದೆ ಎಂದು ತೋರಿಸುವ ಗಾಜಿನ ನಳಿಗೆ. ನೀರು ಇಳಿದು ಬೆಂಕಿಗೂಡಿನ ಮಾಡು ಬರಿದಾದರೆ ಲೋಹ ಮೆತ್ತಗಾಗಿ ಬಾಯ್ಲರ್ ಸಿಡಿಯುತ್ತದೆ. ಅದಕ್ಕೆಂದೇ ಆ ಮಾಡಿನಲ್ಲಿ ಸೀಸ ತುಂಬಿದ ಬಿರಡೆ ಕೂರಿಸುತ್ತಿದ್ದರು. ನೀರು ತಪ್ಪಿದ ಕೂಡಲೇ ಸೀಸ ಕರಗಿ ಉಗಿ ಬೆಂಕಿಗೆ ನುಗ್ಗಿ ಎಚ್ಚರಿಸುತ್ತಿತ್ತು. ಒತ್ತಡಕ್ಕೂ ಕಾವಲು, ಮಟ್ಟಕ್ಕೂ ಕಾವಲು. ಆದರೆ ಬೆಂಕಿಗೂಡಿನ ಗೋಡೆಗೆ ಒತ್ತಿಕೊಂಡ ಒಂದೆರಡು ಮಿಲಿಮೀಟರ್ ನೀರು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂದು ತೋರಿಸುವ ಉಪಕರಣ ಡ್ರೈವರ್ ಬಳಿಯೂ ಇರಲಿಲ್ಲ, ಬಾಯ್ಲರ್ ಕಟ್ಟಿದವರ ಬಳಿಯೂ ಇರಲಿಲ್ಲ.

ಬೆಂಕಿಯ ಬಿಸಿಯನ್ನೆಲ್ಲ ಮೊದಲು ಹೊತ್ತೊಯ್ಯುವುದು ಆ ಒಂದೆರಡು ಮಿಲಿಮೀಟರ್ ನೀರೇ. ಅದು ಸರಿಯಾಗಿ ಓಡಾಡಿದರೆ ಲೋಹ ತಣ್ಣಗೆ ಉಳಿಯುತ್ತದೆ. ಅದರ ಓಡಾಟ ನಿಂತರೆ, ಬಾಯ್ಲರ್ ತುಂಬ ನೀರಿದ್ದರೂ ಲೋಹ ಸುಡುತ್ತದೆ. ಕುದಿಯುವ ನೀರನ್ನು ಪಳಗಿಸಿದ ಕಥೆಯನ್ನು ನಾವು ಸಾಮಾನ್ಯವಾಗಿ ದೊಡ್ಡ ಎಂಜಿನ್ನು, ಹೆಚ್ಚು ಒತ್ತಡ, ಹೆಚ್ಚು ವೇಗ ಎಂಬ ಏರುಮೆಟ್ಟಿಲಾಗಿ ಹೇಳಿಕೊಳ್ಳುತ್ತೇವೆ. ಈ ಲೇಖನದ ವಾದ ಬೇರೆ. ಆ ಕಥೆಯ ನಿಜವಾದ ತಿರುವುಗಳು ಬಂದದ್ದು ಗೋಡೆ ಬದಿಯ ನೀರನ್ನು ಮುಟ್ಟದೆ, ಕದಡದೆ ಅಳೆಯಲು ಕಲಿತಾಗ. ಅಳತೆ ಬರುವ ಮುಂಚೆ ಇದ್ದದ್ದು ಅನುಭವ ಮತ್ತು ಊಹೆ. ಅನುಭವ ಬಹಳ ದೂರ ಕೈಹಿಡಿದು ನಡೆಸಿತು, ಊಹೆ ಮಾತ್ರ ಕೆಲವು ಕಡೆ ತಲೆಕೆಳಗಾಗಿತ್ತು.

ವಿಷಯ ಯಂತ್ರದ್ದಾದರೂ ಅದರ ಮೂಲರೂಪ ಅಡಿಗೆಮನೆಯಲ್ಲಿದೆ. ಮುದ್ದೆಗೆ ಎಸರಿಟ್ಟವರಿಗೆ ನೀರಿನ ಎರಡು ದನಿ ಗೊತ್ತು. ಮೊದಲು ಪಾತ್ರೆ ಸುಂಯ್ ಎಂದು ಹಾಡತೊಡಗುತ್ತದೆ. ಆಗಲೇ ಯಾರೂ ಹಿಟ್ಟು ಹಾಕುವುದಿಲ್ಲ. ಆಮೇಲೆ ಆ ದನಿ ತಗ್ಗಿ, ಕೊತಕೊತ ಎಂದು ಎಸರು ಕುದಿ ಬರುತ್ತದೆ. ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿ ಇರುವುದರಿಂದ ಅಲ್ಲಿ ಕುದಿ ಬರುವುದು 100 ಡಿಗ್ರಿಯಲ್ಲಲ್ಲ, 97ರ ಆಸುಪಾಸಿನಲ್ಲಿ. ಮೊದಲ ದನಿಯ ಹೊತ್ತಿಗೆ ಪಾತ್ರೆಯ ನೀರು ಇನ್ನೂ ಎಂಬತ್ತು ಡಿಗ್ರಿಯೋ ಎಂಬತ್ತೈದೋ ಇರುತ್ತದೆ, ತಳದ ಲೋಹ ಮಾತ್ರ ಆಗಲೇ ನೂರು ದಾಟಿರುತ್ತದೆ. ತಳದ ಕಣ್ಣಿಗೆ ಕಾಣದ ಗುಳಿಗಳಲ್ಲಿ ಉಗಿಯ ಗುಳ್ಳೆ ಹುಟ್ಟಿ, ಊದಿಕೊಂಡು, ಮೇಲಿನ ತಣ್ಣನೆಯ ನೀರಿಗೆ ತಲೆ ತಾಗಿಸಿದ ಕೂಡಲೇ ಕುಸಿಯುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಕುಸಿಯುವ ಸದ್ದೇ ಎಸರಿನ ಹಾಡು. ನೀರೆಲ್ಲ ಕುದಿಬಿಂದು ಮುಟ್ಟಿದ ಮೇಲೆ ಗುಳ್ಳೆಗಳು ಕುಸಿಯದೆ ಮೇಲಿನವರೆಗೂ ಬರುತ್ತವೆ, ಹಾಡು ನಿಲ್ಲುತ್ತದೆ. ನೀರು ಕುದಿಯದೆ ಗೋಡೆಯ ಬಳಿ ಮಾತ್ರ ನಡೆಯುವ ಈ ಕುದಿತಕ್ಕೆ ಎಂಜಿನಿಯರುಗಳು ಸಬ್‌ಕೂಲ್ಡ್ ಬಾಯ್ಲಿಂಗ್ ಎನ್ನುತ್ತಾರೆ. ಇಲ್ಲಿ ಅದನ್ನು ಗೋಡೆಗುದಿ ಎಂದು ಕರೆಯೋಣ. ಗುಳ್ಳೆ ಊದುವಾಗ ಬಿಸಿ ಹೀರಿಕೊಳ್ಳುತ್ತದೆ, ಕುಸಿಯುವಾಗ ಅದನ್ನು ತಣ್ಣನೆಯ ನೀರಿಗೆ ಬಿಟ್ಟುಕೊಡುತ್ತದೆ. ಅದು ಬಿಟ್ಟ ಜಾಗಕ್ಕೆ ಹೊಸ ನೀರು ನುಗ್ಗುತ್ತದೆ. ಬಿಸಿಯನ್ನು ಒಯ್ಯುವುದಕ್ಕೆ ಇದಕ್ಕಿಂತ ಚುರುಕಾದ ಕೂಲಿ ಸಿಗುವುದು ಕಷ್ಟ. ಆದ್ದರಿಂದಲೇ ಹೆಚ್ಚು ಬಿಸಿಯನ್ನು ಕಡಿಮೆ ಜಾಗದಿಂದ ತೆಗೆಯಬೇಕಾದ ಕಡೆಯೆಲ್ಲ ಗೋಡೆಗುದಿ ಬೇಕು. ಅದು ಅತಿಯಾದರೆ ಗುಳ್ಳೆಗಳು ಒಂದಕ್ಕೊಂದು ಕೂಡಿ ಗೋಡೆಗೆ ಉಗಿಯ ಹೊದಿಕೆಯಾಗಿ, ನೀರನ್ನು ದೂರ ತಳ್ಳಿ, ಲೋಹವನ್ನು ಸುಟ್ಟುಬಿಡುತ್ತವೆ ಎಂಬ ಭಯವೂ ಜೊತೆಗೇ ಇರುತ್ತದೆ.

ಈ ಅಂಚನ್ನು ಮೊದಲು ಅಂಕಿಯಲ್ಲಿ ಹಿಡಿದದ್ದು ಜಪಾನಿನ ಶಿರೋ ನುಕಿಯಾಮ. 1934ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ನೀರಿನಲ್ಲಿ ತೆಳ್ಳನೆಯ ಲೋಹದ ತಂತಿ ಮುಳುಗಿಸಿ, ಅದರಲ್ಲಿ ವಿದ್ಯುತ್ ಹರಿಸಿ, ತಂತಿಯ ವಿದ್ಯುತ್ ರೋಧದಿಂದಲೇ ಅದರ ಬಿಸಿಯನ್ನು ಲೆಕ್ಕ ಹಾಕಿದರು. ವಿದ್ಯುತ್ ಏರಿಸಿದಂತೆ ತಂತಿಯಿಂದ ನೀರಿಗೆ ಹೋಗುವ ಬಿಸಿ ಏರುತ್ತಲೇ ಹೋಗಿ, ಒಂದು ಮಿತಿ ಮುಟ್ಟಿದ ಕ್ಷಣದಲ್ಲಿ ತಂತಿಯ ಉಷ್ಣತೆ ನೂರಾರು ಡಿಗ್ರಿ ಜಿಗಿಯುತ್ತಿತ್ತು. ನಿಕ್ರೋಮ್ ತಂತಿ ಅಲ್ಲೇ ಸುಟ್ಟು ತುಂಡಾಗುತ್ತಿತ್ತು, ಪ್ಲಾಟಿನಂ ತಡೆದುಕೊಳ್ಳುತ್ತಿತ್ತು. ಸಾಧಾರಣ ವಾಯುಭಾರದಲ್ಲಿ ನೀರಿಗೆ ಈ ಮಿತಿ ಚದರ ಮೀಟರಿಗೆ ಸುಮಾರು 10 ಲಕ್ಷ ವ್ಯಾಟ್ ಎಂದು ಇಂದು ಪಠ್ಯಪುಸ್ತಕಗಳು ಹೇಳುತ್ತವೆ. ನುಕಿಯಾಮ ಎಳೆದ ಗೆರೆ ಇಂದಿಗೂ ಕುದಿತದ ಪಾಠದ ಮೊದಲ ಪುಟದಲ್ಲಿದೆ. ಆದರೆ ಅವರು ಅಳೆದದ್ದು ತಂತಿಯನ್ನು, ನೀರನ್ನಲ್ಲ. ಮಿತಿ ಎಲ್ಲಿದೆ ಎಂದು ತಂತಿ ಹೇಳಿತು. ಆ ಮಿತಿ ಏಕೆ ಅಲ್ಲಿದೆ ಎಂಬುದನ್ನು ನೀರೇ ಹೇಳಬೇಕಿತ್ತು.

ಆ ದಿಕ್ಕಿನಲ್ಲಿ 1951ನೇ ಇಸವಿ ನೆನಪಿಡುವಂಥದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆ ನಡೆಸುತ್ತಿದ್ದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಿಂದ ಆ ವರ್ಷ ಗುಂಥರ್ ಎಂಬ ಎಂಜಿನಿಯರ್ ಒಂದು ಪ್ರಬಂಧ ಪ್ರಕಟಿಸಿದರು. ರಾಕೆಟ್ ಎಂಜಿನ್ನಿನ ಗೋಡೆಯನ್ನು ತಣ್ಣಗಿಡುವ ಸಮಸ್ಯೆ ಆ ಪ್ರಯೋಗಾಲಯದ್ದು. ಅವರು ಪಾರದರ್ಶಕ ಕಾಲುವೆಯಲ್ಲಿ ನೀರು ಹರಿಸಿ, ಅದರೊಳಗಿನ ಲೋಹದ ಪಟ್ಟಿಯನ್ನು ಕಾಯಿಸಿ, ಸೆಕೆಂಡಿಗೆ ಸಾವಿರಾರು ಚಿತ್ರ ಹಿಡಿಯುವ ಕ್ಯಾಮೆರಾದಿಂದ ಗೋಡೆಗುದಿಯ ಗುಳ್ಳೆಗಳನ್ನು ಸೆರೆಹಿಡಿದರು. ಗುಳ್ಳೆಯ ಆಯುಷ್ಯ ಮಿಲಿಸೆಕೆಂಡಿನ ಲೆಕ್ಕದ್ದು, ಗಾತ್ರ ಮಿಲಿಮೀಟರಿನೊಳಗೆ, ಹರಿವು ಜೋರಾದಷ್ಟೂ ನೀರು ತಣ್ಣಗಿದ್ದಷ್ಟೂ ಗುಳ್ಳೆ ಚಿಕ್ಕದು ಎಂಬುದು ಮೊದಲ ಬಾರಿಗೆ ಕಣ್ಣಿಗೆ ಕಂಡಿತು. ಅದೇ ಸಂಸ್ಥೆಯಲ್ಲಿ, ಅದೇ ವರ್ಷ, ಭಾರತದ ಯುವಕರೊಬ್ಬರು ಹ್ಯಾನ್ಸ್ ಲೀಪ್‌ಮನ್ ಕೈಕೆಳಗೆ ಡಾಕ್ಟರೇಟ್ ಮುಗಿಸಿದರು. ಅವರು ಸತೀಶ್ ಧವನ್. ಅವರ ವಿಷಯವೂ ಗೋಡೆಯೇ. ಗೋಡೆಯ ಮೇಲೆ ಹರಿಯುವ ಗಾಳಿ ಗೋಡೆಯನ್ನು ಎಷ್ಟು ಜೋರಾಗಿ ಉಜ್ಜುತ್ತದೆ ಎಂಬುದನ್ನು ಅದುವರೆಗೆ ಬಹುಮಟ್ಟಿಗೆ ಸುತ್ತುಬಳಸಿ ಲೆಕ್ಕ ಹಾಕುತ್ತಿದ್ದರು. ಧವನ್ ಗೋಡೆಯ ಒಂದು ಚಿಕ್ಕ ತುಣುಕನ್ನೇ ಬಿಡಿಸಿ, ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು, ಅದು ಗಾಳಿಯ ಎಳೆತಕ್ಕೆ ಸರಿಯುವ ಅತಿ ಸಣ್ಣ ದೂರವನ್ನು ನೇರವಾಗಿ ಅಳೆದರು.

ಈ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಪ್ರಶ್ನೆಯ ಎರಡು ಅರ್ಧಗಳು ಕಾಣುತ್ತವೆ. ಗುಂಥರ್‌ಗೆ ಗುಳ್ಳೆ ಕಂಡಿತು. ಅದರ ಸುತ್ತಲಿನ ನೀರು ಕಾಣಲಿಲ್ಲ. ನೀರಿಗೆ ಬಣ್ಣವಿಲ್ಲ, ಅದರ ವೇಗಕ್ಕೆ ನೆರಳಿಲ್ಲ. ಧವನ್ ಗೋಡೆಯ ಮೇಲಿನ ಹರಿವನ್ನು ಅಂಕಿಯಲ್ಲಿ ಹಿಡಿದರು. ಆದರೆ ಅವರ ಗೋಡೆ ಒಣಗೋಡೆ, ಅಲ್ಲಿ ಗುಳ್ಳೆಯಿಲ್ಲ. ಗುಳ್ಳೆ ಹುಟ್ಟುತ್ತಿರುವ ಬಿಸಿ ಗೋಡೆಯ ಬದಿಯಲ್ಲಿ ದ್ರವದ ವೇಗ ಎಷ್ಟೆಂಬ ಪೂರ್ಣ ಪ್ರಶ್ನೆಗೆ ಬೇಕಾದ ಉಪಕರಣ ಆಗ ಇರಲಿಲ್ಲ. ಹರಿವಿನೊಳಗೆ ತೂರಿಸಿ ವೇಗ ಅಳೆಯುವ ಪಿಟಾಟ್ ನಳಿಗೆ ಇತ್ತು; ಅದನ್ನು ಗೋಡೆಯ ಹತ್ತಿರ ಒಯ್ದರೆ ಅದೇ ಹರಿವಿಗೆ ಅಡ್ಡ. ಬಿಸಿ ತಂತಿಯ ವೇಗಮಾಪಕ ಇತ್ತು. ಅದು ತಂತಿ ಎಷ್ಟು ತಣಿಯಿತು ಎಂಬುದರಿಂದ ವೇಗ ಹೇಳುವ ಸಾಧನ, ಬಿಸಿ ಏರಿಳಿಯುವ ಗೋಡೆ ಬದಿಯಲ್ಲಿ ಅದರ ಮಾತು ನಂಬುವಂತಿಲ್ಲ. ಮೇಲಾಗಿ ಅಲ್ಲಿ ಯಾವ ತಂತಿ ಇಟ್ಟರೂ ಗುಳ್ಳೆಗಳು ಅದನ್ನೇ ಹಿಡಿದುಕೊಂಡು ಕೂರುತ್ತವೆ.

ಧವನ್ 1951ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಗೋಡೆ ಬದಿಯ ತೆಳ್ಳನೆಯ ಹರಿವನ್ನು ತಾಳ್ಮೆಯಿಂದ ಅಳೆಯುವ ಒಂದು ಪರಂಪರೆ ಅಲ್ಲಿ ಬೇರೂರಿತು. ಅವರ ಜೊತೆ ಕೆಲಸ ಆರಂಭಿಸಿದ ರೊದ್ದಂ ನರಸಿಂಹ, ನೆಮ್ಮದಿಯ ಹರಿವು ಕ್ಷುಬ್ಧ ಹರಿವಾಗಿ ಬದಲಾಗುವ ಹಂತವನ್ನು ಕುರಿತು ಧವನ್ ಜೊತೆ 1958ರಲ್ಲಿ ಬರೆದ ಪ್ರಬಂಧ ಇಂದಿಗೂ ಉಲ್ಲೇಖವಾಗುತ್ತದೆ. ಇದು ಕುದಿತದ ಸಂಶೋಧನೆಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಆದರೂ ಈ ಇತಿಹಾಸದಲ್ಲಿ ಅದಕ್ಕೆ ಜಾಗವಿದೆ. ಗುಳ್ಳೆಯಿಲ್ಲದ ಗೋಡೆಯ ಬಳಿ ಹರಿವು ಹೇಗಿರುತ್ತದೆ ಎಂಬುದು ಖಚಿತವಾಗಿ ತಿಳಿದಿದ್ದರೆ ಮಾತ್ರ, ಗುಳ್ಳೆ ಬಂದ ಮೇಲೆ ಏನು ಬದಲಾಯಿತು ಎಂದು ಹೇಳಲು ಸಾಧ್ಯ. ನುಣುಪು ಗೋಡೆಯ ಮೇಲಿನ ಕ್ಷುಬ್ಧ ಹರಿವಿಗೆ ಒಂದು ಜಗದ್ವ್ಯಾಪಿ ನಿಯಮವಿದೆ. ಗೋಡೆಯಿಂದ ದೂರ ಸರಿದಂತೆ ವೇಗ ಯಾವ ಲೆಕ್ಕದಲ್ಲಿ ಏರುತ್ತದೆ ಎಂದು ಅದು ಹೇಳುತ್ತದೆ. ಮುಂದೆ ಗೋಡೆಗುದಿಯನ್ನು ಅಳೆದವರೆಲ್ಲ ತಮ್ಮ ಅಂಕಿಗಳನ್ನು ಒರೆಹಚ್ಚಿದ್ದು ಇದೇ ನಿಯಮಕ್ಕೆ.

ಬೇಕಾಗಿದ್ದ ಉಪಕರಣ ಬೆಳಕಿನ ರೂಪದಲ್ಲಿ ಬಂತು. 1964ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಯೆ ಮತ್ತು ಕಮಿನ್ಸ್, ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿದ ಬೆಳಕಿನ ಕಂಪನಾಂಕ ಎಷ್ಟು ಸರಿದಿದೆ ಎಂಬುದರಿಂದ ನೀರಿನ ವೇಗವನ್ನು ಹೇಳಿದರು. ಮುಂದೆ ಈ ವಿಧಾನ ಸುಧಾರಿಸಿ, ಎರಡು ಲೇಸರ್ ಎಳೆಗಳನ್ನು ಒಂದು ಬಿಂದುವಿನಲ್ಲಿ ಅಡ್ಡಹಾಯಿಸುವ ರೂಪ ಪಡೆಯಿತು. ಎಳೆಗಳು ಕೂಡಿದ ಕಡೆ ಬೆಳಕು–ಕತ್ತಲೆಯ ಸೂಕ್ಷ್ಮ ಪಟ್ಟೆಗಳು ಮೂಡುತ್ತವೆ. ಕಣವೊಂದು ಆ ಪಟ್ಟೆಗಳನ್ನು ದಾಟುವಾಗ ಮಿಣುಕುತ್ತದೆ. ಕತ್ತಲಲ್ಲಿ ಗಳುಬೇಲಿಯ ಆಚೆ ಸೈಕಲ್ ಹೋದರೆ ಅದರ ದೀಪ ಮಿಣಮಿಣ ಕಾಣುವುದಿಲ್ಲವೇ, ಹಾಗೆ. ಗಳುಗಳ ನಡುವಿನ ಅಂತರ ಗೊತ್ತಿದ್ದರೆ ಮಿಣುಕನ್ನು ಎಣಿಸಿ ಸೈಕಲ್ಲಿನ ವೇಗ ಹೇಳಬಹುದು. ಇಲ್ಲಿ ಗಳುಗಳ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು. ನೀರಿನೊಳಗೆ ಏನನ್ನೂ ತೂರಿಸಬೇಕಿಲ್ಲ; ಒಂದು ಗಾಜಿನ ಕಿಟಕಿ ಸಾಕು.

ಗೋಡೆಗುದಿಗೆ ಈ ಬೆಳಕನ್ನು ಒಯ್ದದ್ದು ಮಾತ್ರ ಸಲೀಸಾದ ಕೆಲಸವಾಗಲಿಲ್ಲ. ಗುಳ್ಳೆಯೂ ಬೆಳಕನ್ನು ಚದುರಿಸುತ್ತದೆ; ಹಾಗಾಗಿ ಸಿಕ್ಕ ಮಿಣುಕು ದ್ರವದ್ದೋ ಗುಳ್ಳೆಯದೋ ಎಂದು ಬೇರ್ಪಡಿಸಬೇಕು. ಬಿಸಿ ಗೋಡೆಯ ಬಳಿ ದ್ರವದ ಸಾಂದ್ರತೆ ಬದಲಾಗಿ ಲೇಸರ್ ಎಳೆಯೇ ಬಾಗುತ್ತದೆ, ಅಳೆಯಬೇಕೆಂದ ಬಿಂದು ಒಂದು, ಅಳೆದದ್ದು ಇನ್ನೊಂದು ಆಗುತ್ತದೆ. 1990ರ ದಶಕದಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ರಾಮೇಂದ್ರ ರಾಯ್ ಮತ್ತು ಸಂಗಡಿಗರು ಈ ತೊಡಕುಗಳನ್ನು ಒಂದೊಂದಾಗಿ ಬಿಡಿಸಿದರು. ನೆಟ್ಟಗೆ ನಿಲ್ಲಿಸಿದ ಕೊಳವೆಯ ನಡುವೆ ಕಾಯಿಸುವ ಸರಳು, ಸುತ್ತ ಮೇಲ್ಮುಖವಾಗಿ ಹರಿಯುವ ದ್ರವ. ದ್ರವ ನೀರಲ್ಲ, ಆರ್–113 ಎಂಬ ಶೈತ್ಯಕಾರಕ. ಅದು 48 ಡಿಗ್ರಿಯ ಹತ್ತಿರ ಕುದಿಯುತ್ತದೆ, ಆದ್ದರಿಂದ ಕಡಿಮೆ ಬಿಸಿಯಲ್ಲಿ, ಗಾಜಿನ ಕಿಟಕಿಯ ಹಿಂದೆ ಪ್ರಯೋಗ ನಡೆಸಬಹುದು. ಅವರ ಅಳತೆಗಳಲ್ಲಿ ಒಂದು ವಿಷಯ ಸ್ಪಷ್ಟವಾಯಿತು: ಗುಳ್ಳೆಗಳಿರುವ ಪದರದಲ್ಲಿ ದ್ರವದ ವೇಗ ನುಣುಪು ಗೋಡೆಯ ನಿಯಮವನ್ನು ಪಾಲಿಸುವುದಿಲ್ಲ. ಅಲ್ಲಿಯವರೆಗೆ ಕಂಪ್ಯೂಟರ್ ಲೆಕ್ಕಗಳಲ್ಲಿ ಕುದಿಯುವ ಗೋಡೆಗೂ ಅದೇ ಹಳೆಯ ನಿಯಮವನ್ನು ಹಚ್ಚುವುದು ರೂಢಿಯಾಗಿತ್ತು. ರೂಢಿಗೆ ಪುರಾವೆ ಇರಲಿಲ್ಲ, ಬೇರೆ ಗತಿ ಇರಲಿಲ್ಲ ಅಷ್ಟೇ.

ನಿಯಮ ಮುರಿಯುತ್ತದೆ, ಸರಿ, ಯಾವ ಕಡೆಗೆ? ಇಲ್ಲಿ ಕಥೆ ಸ್ವಾರಸ್ಯವಾಗುತ್ತದೆ, ಮತ್ತು ಕುಣಿಗಲ್ಲಿನ ದಾರಿಗೆ ಬರುತ್ತದೆ. ತುಮಕೂರು ಗುಬ್ಬಿಗಳಿಗೆ ಉಗಿಬಂಡಿಯ ಕಾಲದಲ್ಲೇ ಬಂದ ರೈಲು ಕುಣಿಗಲ್ಲಿಗೆ ಬಂದದ್ದು ಬೆಂಗಳೂರು–ಹಾಸನ ಹೊಸ ಮಾರ್ಗ ಪೂರ್ತಿಯಾದ 2017ರಲ್ಲಿ. ಆಗ ಬಂದದ್ದು ಡೀಸೆಲ್ ಎಂಜಿನ್. ಉಗಿಯ ಕಾಲವನ್ನು ರೈಲಿನಲ್ಲಿ ಕಾಣದೆಯೇ ಕುಣಿಗಲ್ ಡೀಸೆಲ್‌ಗೆ ಬಂತು ಎನ್ನಬಹುದು. ಆದರೆ ಗೋಡೆಗುದಿ ಅಲ್ಲೂ ತಪ್ಪಲಿಲ್ಲ. ಡೀಸೆಲ್ ಎಂಜಿನ್ನಿನ ಸಿಲಿಂಡರ್ ಸುತ್ತ ನೀರಿನ ಜಾಕೆಟ್ ಇರುತ್ತದೆ. ಹೆದ್ದಾರಿಯ ಲಾರಿಯಲ್ಲೂ ಅದೇ, ರೈಲಿನಲ್ಲೂ ಅದೇ. ಜಾಕೆಟ್ಟಿನ ನೀರು ಒಟ್ಟಾರೆ ಕುದಿಯಕೂಡದು. ಆದರೆ ಸಿಲಿಂಡರ್ ತಲೆಯಲ್ಲಿ ಎರಡು ಕವಾಟಗಳ ನಡುವಿನ ಕಿರಿದಾದ ಲೋಹದ ಸೇತುವೆಯಂಥ ಕಡೆ ಗೋಡೆ ಎಷ್ಟು ಕಾಯುತ್ತದೆಂದರೆ, ಅಲ್ಲಿ ನೀರು ಎಸರಿನಂತೆ ಹಾಡುತ್ತದೆ. ಎಂಜಿನ್ ಚಿಕ್ಕದಾಗಿ ಶಕ್ತಿ ಹೆಚ್ಚಾದಂತೆ ಈ ಗೋಡೆಗುದಿಯನ್ನು ತಪ್ಪಿಸುವುದಕ್ಕಿಂತ ಬಳಸಿಕೊಳ್ಳುವುದೇ ಜಾಣತನವಾಯಿತು. ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸ್ಟೈನರ್, ರಾಮ್‌ಸ್ಟೋರ್ಫರ್ ಮೊದಲಾದವರು 2005ರ ಸುಮಾರಿಗೆ ಅಡ್ಡವಾಗಿ ಮಲಗಿಸಿದ ಕಾಲುವೆಯಲ್ಲಿ ಗೋಡೆಗುದಿ ನಡೆಸಿ ಲೇಸರಿನಿಂದ ವೇಗ ಅಳೆದರು. ಅವರಿಗೆ ಕಂಡದ್ದು, ಗುಳ್ಳೆ ಎದ್ದ ಗೋಡೆಯ ಬದಿಯಲ್ಲಿ ದ್ರವ ನಿಧಾನವಾಗುತ್ತದೆ ಎಂಬುದು. ಹರಿವಿನ ಪಾಲಿಗೆ ಗೋಡೆಗೆ ಅಂಟಿದ ಗುಳ್ಳೆ, ಹಳ್ಳದ ತಳದ ಬೆಣಚುಕಲ್ಲಿದ್ದಂತೆ. ನುಣುಪು ಗೋಡೆ ಗುಳ್ಳೆಗಳಿಂದ ಒರಟು ಗೋಡೆಯಾಗುತ್ತದೆ. ಆ ಒರಟುತನವನ್ನೇ ಲೆಕ್ಕಕ್ಕೆ ಸೇರಿಸಿ ಅವರು ಹೊಸ ನಿಯಮ ಬರೆದರು.

ಐದು ವರ್ಷ ಕಳೆದ ಮೇಲೆ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎಸ್ಟ್ರಾಡಾ ಪೆರೆಸ್ ಮತ್ತು ಯಾಸಿನ್ ಹಸನ್ ಇನ್ನೊಂದು ಚಿತ್ರ ಕೊಟ್ಟರು. ಅವರ ಕಾಲುವೆ ನೆಟ್ಟಗಿನದು. ಓಝೋನ್ ಪದರಕ್ಕೆ ಹಾನಿ ಮಾಡುವ ವಸ್ತುವೆಂದು ಆರ್–113 ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತ್ತು. ಇವರು ಬಳಸಿದ್ದು 34 ಡಿಗ್ರಿಯಲ್ಲಿ ಕುದಿಯುವ ಬೇರೊಂದು ದ್ರವ. ಒಂದು ಬಿಂದುವಿನಲ್ಲಿ ಮಿಣುಕು ಎಣಿಸುವ ಬದಲು, ಅವರು ದ್ರವದಲ್ಲಿ ಕಣಗಳನ್ನು ಬಿಟ್ಟು, ಲೇಸರ್ ಬೆಳಕಿನ ಹಾಳೆಯಲ್ಲಿ ಬೇಗಬೇಗ ಚಿತ್ರ ತೆಗೆದು, ಒಂದು ಚಿತ್ರದಿಂದ ಇನ್ನೊಂದಕ್ಕೆ ಪ್ರತಿ ಕಣ ಎಷ್ಟು ಸರಿಯಿತು ಎಂದು ಹಿಂಬಾಲಿಸಿದರು. ಅವರಿಗೆ ಕಂಡದ್ದು, ಬಿಸಿ ಏರಿಸಿದಂತೆ ಗೋಡೆ ಬದಿಯ ದ್ರವ ವೇಗ ಪಡೆಯುತ್ತದೆ ಎಂಬುದು. ನಡುಗಾಲುವೆಯಲ್ಲಿ ಇರಬೇಕಾದ ಹೆಚ್ಚಿನ ವೇಗ ಬಿಸಿ ಗೋಡೆಯ ಕಡೆಗೆ ವಾಲುತ್ತದೆ. ಮೇಲಕ್ಕೆ ಜಾರುವ ಗುಳ್ಳೆಗಳು ಸುತ್ತಲಿನ ದ್ರವವನ್ನು ಸೆರಗು ಹಿಡಿದು ಎಳೆದೊಯ್ಯುತ್ತವೆ. ಗ್ರಾಟ್ಸ್‌ನಲ್ಲಿ ಕಲ್ಲಾಗಿದ್ದ ಗುಳ್ಳೆ ಟೆಕ್ಸಾಸ್‌ನಲ್ಲಿ ಎತ್ತಾಯಿತು.

ಎರಡರಲ್ಲಿ ಒಂದು ತಪ್ಪಿರಬೇಕು ಎನ್ನುವುದು ಮೊದಲ ಅನಿಸಿಕೆ. ಆದರೆ ಎರಡೂ ಅಳತೆಗಳನ್ನು ಒಟ್ಟಿಗೆ ಓದಿದರೆ ವಿರೋಧ ಕರಗುತ್ತದೆ. ಗುಳ್ಳೆ ತನ್ನ ಸುತ್ತಲಿನ ದ್ರವಕ್ಕಿಂತ ನಿಧಾನವಾಗಿದ್ದರೆ ಅಡ್ಡಿ, ಬೇಗವಾಗಿದ್ದರೆ ಎಳೆತ. ಅಡ್ಡಡ್ಡ ಹರಿವಿನಲ್ಲಿ ಗುಳ್ಳೆಯ ತೇಲುವ ಗುಣ ಅದನ್ನು ಮುಂದಕ್ಕೆ ದೂಡುವುದಿಲ್ಲ. ಗೋಡೆಗೆ ಕಚ್ಚಿಕೊಂಡಷ್ಟು ಹೊತ್ತೂ ಅದು ಹಿಂದೆ ಉಳಿಯುತ್ತದೆ. ಮೇಲ್ಮುಖದ ನಿಧಾನ ಹರಿವಿನಲ್ಲಿ ಗುಳ್ಳೆ ದ್ರವವನ್ನು ಹಿಂದೆ ಹಾಕಿ ಏರುತ್ತದೆ. ಹಾಗಾದರೆ ಗುಳ್ಳೆಗೆ ಒಂದೇ ಸ್ವಭಾವ ಹಚ್ಚಿ ಬರೆದ ಯಾವ ಸೂತ್ರವೂ ಎಲ್ಲ ಕಡೆ ನಿಲ್ಲದು. ಈ ತೀರ್ಮಾನ ಯಾವ ಮೇಜಿನ ಮೇಲಿನ ಲೆಕ್ಕದಿಂದಲೂ ಹುಟ್ಟಲಿಲ್ಲ. ಗೋಡೆಯ ಬದಿಯಲ್ಲಿ ನಿಂತು ಎರಡು ಬೇರೆ ಕಾಲುವೆಗಳಲ್ಲಿ ಅಳೆದದ್ದರಿಂದ ಹುಟ್ಟಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ತುಮಕೂರು ದಾರಿಯ ಉಗಿಬಂಡಿಗಳು ಈ ಯಾವ ಅಳತೆಯೂ ಇಲ್ಲದೆ ಓಡಿದವು. ಜಗತ್ತಿನ ಅಸಂಖ್ಯಾತ ಬಾಯ್ಲರ್‌ಗಳು ಗೇಜು, ಗಾಜಿನ ನಳಿಗೆ, ಸೀಸದ ಬಿರಡೆಗಳ ಭರವಸೆಯಲ್ಲೇ ಬಾಳಿದವು. ಒಳಗೆ ಹೋದ ನೀರೆಷ್ಟು, ಹೊರಬಂದ ಉಗಿಯೆಷ್ಟು, ಉರಿದ ಕಲ್ಲಿದ್ದಲೆಷ್ಟು ಎಂಬ ಜಮಾಖರ್ಚು ಸರಿಹೋದರೆ, ನಡುವೆ ಕೂದಲೆಳೆಯ ಪದರದಲ್ಲಿ ಏನಾಯಿತು ಎಂದು ತಲೆ ಕೆಡಿಸಿಕೊಳ್ಳುವುದೇಕೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ಶತಮಾನದ ಕೈಕಸುಬಿನ ಅನುಭವವಿದೆ. ಆದರೆ ಆ ಅನುಭವಕ್ಕೆ ಒಂದು ಷರತ್ತೂ ಇತ್ತು: ಲೋಹ ದಪ್ಪ, ಅಂತರ ಧಾರಾಳ, ಗೋಡೆಯ ಮೇಲೆ ಬೀಳುವ ಬಿಸಿ ನುಕಿಯಾಮ ಕಂಡ ಮಿತಿಗಿಂತ ಸಾಕಷ್ಟು ಕೆಳಗೆ. ಹೊಲದ ನಡುವೆ ನಡೆಯುವವನಿಗೆ ಬದು ಎಲ್ಲಿದೆ ಎಂಬ ಅಳತೆ ಬೇಡ. ಬದುವಿನ ಮೇಲೇ ನಡೆಯುವವನಿಗೆ ಬೇಕು. ರಾಕೆಟ್ಟಿನ ಗೋಡೆ, ಅಣುಸ್ಥಾವರದ ಇಂಧನ ಸರಳು, ಇಂದಿನ ಚಿಕ್ಕ ಬಲಿಷ್ಠ ಎಂಜಿನ್ನು ಇವೆಲ್ಲ ಬದುವಿನ ಮೇಲಿನ ನಡಿಗೆಗಳು.

ಜಮಾಖರ್ಚನ್ನಷ್ಟೇ ನಂಬುವುದರ ಅಪಾಯಕ್ಕೆ 1979ರ ಮಾರ್ಚ್ 28ರ ತ್ರೀ ಮೈಲ್ ಐಲ್ಯಾಂಡ್ ಅವಘಡ ಸಾಕ್ಷಿ. ಅಮೆರಿಕದ ಆ ಅಣುಸ್ಥಾವರದಲ್ಲಿ ತೆರೆದು ಸಿಕ್ಕಿಕೊಂಡ ಕವಾಟದಿಂದ ನೀರು ಸೋರಿಹೋಗುತ್ತಿತ್ತು. ಒತ್ತಡ ಕಾಯುವ ತೊಟ್ಟಿಯ ಮಟ್ಟಸೂಚಿ ಮಾತ್ರ ನೀರು ತುಂಬಿದೆ ಎಂದಿತು. ಸಿಬ್ಬಂದಿ ಅದನ್ನು ನಂಬಿ ತುರ್ತು ನೀರಿನ ಹರಿವನ್ನು ತಗ್ಗಿಸಿದರು. ಇಂಧನದ ಬಳಿ ನೀರು ಕುದಿದು, ಸರಳುಗಳು ಬರಿದಾಗಿ, ಇಂಧನದ ದೊಡ್ಡ ಭಾಗ ಕರಗಿತು. ಅಲ್ಲಿ ನಡೆದದ್ದು ಗೋಡೆಗುದಿಗಿಂತ ಬಹಳ ಮುಂದಿನ ಅನಾಹುತ, ನಿಜ. ಆದರೆ ಪಾಠ ಒಂದೇ: ನೀರು ಎಲ್ಲಿ ಮುಖ್ಯವೋ ಅಲ್ಲಿ ಅಳೆಯದೆ, ಅಳೆಯಲು ಸುಲಭವಾದ ಕಡೆ ಅಳೆದು ನೆಮ್ಮದಿಯಾಗಿದ್ದರು. ನಮ್ಮ ರಾಜ್ಯದ ಕೈಗಾ ಸ್ಥಾವರವನ್ನು ನೋಡಿ. ಅದರ 220 ಮೆಗಾವ್ಯಾಟಿನ ಒಂದೊಂದು ಘಟಕದಲ್ಲೂ 306 ಇಂಧನ ಕೊಳವೆಗಳ ಮೂಲಕ ಭಾರಜಲ ಹರಿಯುತ್ತದೆ. ಒತ್ತಡ ವಾಯುಭಾರದ 80 ಪಟ್ಟಿಗೂ ಹೆಚ್ಚಿರುವುದರಿಂದ, 290 ಡಿಗ್ರಿ ದಾಟಿದರೂ ಆ ನೀರು ಒಟ್ಟಾರೆ ಕುದಿಯುವುದಿಲ್ಲ. ಕುದಿಬಿಂದು ಮಾತ್ರ ಹೆಚ್ಚು ದೂರವಿಲ್ಲ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆದದ್ದರ ಹಿಂದೆ, ಕುದಿಬಿಂದುವಿಗೂ ನೀರಿನ ಬಿಸಿಗೂ ನಡುವಿನ ಆ ಅಂತರವನ್ನು ಹದವಾಗಿ ಕಾಯ್ದುಕೊಂಡ ಶಿಸ್ತೂ ಸೇರಿದೆ.

ಎರಡನೆಯ ಆಕ್ಷೇಪ ಹೊಸ ಕಾಲದ್ದು. ಈಗ ಕಂಪ್ಯೂಟರಿನಲ್ಲೇ ಹರಿವನ್ನು ಲಕ್ಷಾಂತರ ಚೂರುಗಳಾಗಿ ಒಡೆದು ಲೆಕ್ಕ ಮಾಡಬಹುದು. ಲೇಸರು, ಗಾಜು, ವರ್ಷಗಟ್ಟಲೆ ಪ್ರಯೋಗ ಏಕೆ? ಉತ್ತರ ಆ ಲೆಕ್ಕದ ಒಳಗೇ ಇದೆ. 1990ರಲ್ಲಿ ಕುರುಲ್ ಮತ್ತು ಪೊಡೋವ್‌ಸ್ಕಿ ಮುಂದಿಟ್ಟ, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಮಾದರಿ ಗೋಡೆಯ ಬಿಸಿಯನ್ನು ಮೂರು ಪಾಲು ಮಾಡುತ್ತದೆ. ಹರಿವ ದ್ರವ ಒಯ್ಯುವುದು ಒಂದು, ಗುಳ್ಳೆಯಾಗಿ ಹೋಗುವುದು ಇನ್ನೊಂದು, ಗುಳ್ಳೆ ಬಿಟ್ಟ ಜಾಗಕ್ಕೆ ನುಗ್ಗುವ ತಣ್ಣೀರು ಹೀರುವುದು ಮೂರನೆಯದು. ಪಾಲು ಮಾಡಲು ಗುಳ್ಳೆಯ ಗಾತ್ರ, ಅದು ಏಳುವ ಲಯ, ಗುಳ್ಳೆ ಹುಟ್ಟುವ ಗುಳಿಗಳ ಸಂಖ್ಯೆ ಎಲ್ಲವೂ ಬೇಕು. ಇವನ್ನು ಕಂಪ್ಯೂಟರ್ ಹುಟ್ಟಿಸುವುದಿಲ್ಲ, ಯಾರೋ ಎಲ್ಲೋ ಅಳೆದದ್ದನ್ನು ನಾವು ಅದಕ್ಕೆ ಉಣಿಸುತ್ತೇವೆ. ಗೋಡೆ ಬದಿಯ ವೇಗದ ನಿಯಮವೂ ಹಾಗೆಯೇ. ನುಣುಪು ಗೋಡೆಯ ನಿಯಮ ಉಣಿಸಿದರೆ ಕಂಪ್ಯೂಟರ್ ನುಣುಪು ಗೋಡೆಯ ಉತ್ತರವನ್ನೇ ಕೊಡುತ್ತದೆ, ಅದೂ ಹತ್ತು ದಶಾಂಶ ಸ್ಥಾನಗಳ ಆತ್ಮವಿಶ್ವಾಸದಿಂದ.

ಮೂರನೆಯ ಆಕ್ಷೇಪವೇ ಅತ್ಯಂತ ನ್ಯಾಯವಾದದ್ದು. ಅಳೆದದ್ದು ಬಹುಪಾಲು ಗಾಜಿನ ಕಾಲುವೆಯಲ್ಲಿ, ಕಡಿಮೆ ಬಿಸಿಗೆ ಕುದಿಯುವ ಬದಲಿ ದ್ರವದಲ್ಲಿ, ಕಡಿಮೆ ಒತ್ತಡದಲ್ಲಿ. ಕೈಗಾದ ಕೊಳವೆಗೆ ಗಾಜಿನ ಕಿಟಕಿ ಇಲ್ಲ, ಎಂಜಿನ್ನಿನ ಜಾಕೆಟ್ಟಿಗೂ ಇಲ್ಲ. ಒತ್ತಡ ಏರಿದಂತೆ ಗುಳ್ಳೆ ಕಿರಿದಾಗುತ್ತದೆ, ದ್ರವಕ್ಕೂ ಉಗಿಗೂ ಇರುವ ಸಾಂದ್ರತೆಯ ಅಂತರ ಕುಗ್ಗುತ್ತದೆ. ಹೀಗಿರುವಾಗ ಪ್ರಯೋಗಾಲಯದ ಅಂಕಿಯನ್ನು ಹಾಗೇ ಸ್ಥಾವರಕ್ಕೆ ಎತ್ತಿಕೊಂಡು ಹೋಗುವಂತಿಲ್ಲ. ಇದನ್ನು ಪೂರ್ತಿ ಒಪ್ಪಿದರೂ ವಾದ ಬೀಳುವುದಿಲ್ಲ. ಪ್ರಯೋಗಾಲಯದಿಂದ ಸಿಕ್ಕದ್ದು ಅಂಕಿಗಿಂತ ಹೆಚ್ಚಾಗಿ ಸಂಬಂಧಗಳು: ಗುಳ್ಳೆ ಯಾವಾಗ ಅಡ್ಡಿ, ಯಾವಾಗ ಎಳೆತ ಎಂಬ ವಿವೇಕ. ಆ ವಿವೇಕ ದ್ರವ ಬದಲಾದರೂ ಉಪಯೋಗಕ್ಕೆ ಬರುತ್ತದೆ. ‘ಬಿಸಿ’ ಎಂಬ ಮಾತೇ ಸಾಪೇಕ್ಷ. ಶೂನ್ಯಕ್ಕಿಂತ 253 ಡಿಗ್ರಿ ಕೆಳಗೆ ಕುದಿಯುವ, ರಾಕೆಟ್ಟಿನಲ್ಲಿ ಉರಿಸುವ ದ್ರವ ಹೈಡ್ರೋಜನ್ ಮೊದಲ ಬಾರಿಗೆ ಹರಿದು ಬಂದಾಗ, ನಾವು ಬರಿಗೈಯಲ್ಲಿ ಹಿಡಿಯಬಹುದಾದ ಮಾಮೂಲಿ ಲೋಹದ ಕೊಳವೆಯೇ ಕಾದ ಕಾವಲಿ. 1972ರಿಂದ 1984ರವರೆಗೆ ಇಸ್ರೋವನ್ನು ಮುನ್ನಡೆಸಿದವರು, ಗೋಡೆಯ ತುಣುಕಿನ ಮೇಲೆ ಗಾಳಿಯ ಎಳೆತ ಅಳೆದಿದ್ದ ಅದೇ ಸತೀಶ್ ಧವನ್. ಕೈಗಡಿಯಾರ ಮಾಡುತ್ತಿದ್ದ ತುಮಕೂರಿನ ಎಚ್‌ಎಂಟಿ ಕಾರ್ಖಾನೆ ಮುಚ್ಚಿದ ಮೇಲೆ ಅದರ ಜಾಗ ಸೇರಿದ್ದೂ ಇಸ್ರೋಗೇ. ರಾಕೆಟ್ಟಿನ ಕೆಲಸ ನಡೆಯುವ ಎಲ್ಲ ಕಡೆ ಗೋಡೆ ಬದಿಯ ದ್ರವದ ಪ್ರಶ್ನೆ ಹಿಂದೆಯೇ ಬರುತ್ತದೆ.

ಹಾಗಾದರೆ ಈ ಇತಿಹಾಸದಲ್ಲಿ ನಾವು ಎಲ್ಲಿದ್ದೇವೆ? ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಿಂದ ಇದೆ, ಗುಬ್ಬಿಯಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ರಾಜ್ಯದುದ್ದಕ್ಕೂ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಉಷ್ಣವರ್ಗಾವಣೆಯ ಪಾಠದಲ್ಲಿ ಮಾಡುವ ಒಂದು ಪ್ರಯೋಗವಿದೆ. ಗಾಜಿನ ಪಾತ್ರೆಯಲ್ಲಿ ನೀರು, ಅದರೊಳಗೆ ತೆಳ್ಳನೆಯ ನಿಕ್ರೋಮ್ ತಂತಿ. ವಿದ್ಯುತ್ತನ್ನು ಮೆಲ್ಲಗೆ ಏರಿಸುತ್ತಾರೆ. ತಂತಿಯ ಮೇಲೆ ಮೊದಲು ಒಂದೆರಡು ಗುಳ್ಳೆ, ಆಮೇಲೆ ಮುತ್ತಿನ ಸಾಲು, ಆಮೇಲೆ ನೊರೆಯ ಕೋಟು. ತಂತಿ ಥಟ್ಟನೆ ಕೆಂಪಾಗಿ ತುಂಡಾಗುತ್ತದೆ. ಆ ಕ್ಷಣದ ವೋಲ್ಟೇಜು, ಆಂಪಿಯರು ಬರೆದುಕೊಂಡು ರೆಕಾರ್ಡು ಮುಗಿಸುತ್ತಾರೆ. ಇದು 1934ರ ನುಕಿಯಾಮ ಪ್ರಯೋಗವೇ, ಅವರ ನಿಕ್ರೋಮ್ ತಂತಿಯ ಗತಿಯೂ ಇದೇ ಆಗಿತ್ತು. ಪ್ರಯೋಗದಲ್ಲಿ ಕುಂದಿಲ್ಲ, ಮಿತಿ ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಣ್ಣಿಗೆ ಕಟ್ಟಿಸುವ ಪಾಠ ಇನ್ನೊಂದಿಲ್ಲ. ಆದರೆ ಮೀಟರುಗಳೆಲ್ಲ ತಂತಿಯ ಕಡೆಗೆ ಮುಖ ಮಾಡಿವೆ, ಉಗಿಬಂಡಿಯ ಗೇಜು ಒತ್ತಡದ ಕಡೆಗೆ ಮುಖ ಮಾಡಿದ್ದ ಹಾಗೆ. ತಂತಿ ತುಂಡಾಗುವ ಮುಂಚಿನ ಆ ಕೆಲವು ಕ್ಷಣ, ನೊರೆಯ ಕೋಟಿನ ಕೆಳಗೆ ನೀರು ತಂತಿಯತ್ತ ನುಗ್ಗಲು ದಾರಿ ಹುಡುಕುತ್ತಿರುತ್ತದೆ. ಎಸರಿಟ್ಟವರು ಕಿವಿಯಿಂದ ಗುರುತಿಸುವುದನ್ನು ಅಂಕಿಯಲ್ಲಿ ಹಿಡಿಯಲು ಲೇಸರಿನ ತನಕ ಕಾಯಬೇಕಾಯಿತು. ತಂತಿಯತ್ತ ನುಗ್ಗಿದ ಆ ನೀರು ಎಷ್ಟು ವೇಗದಲ್ಲಿ ಬಂತು, ಯಾವ ಘಳಿಗೆಯಲ್ಲಿ ಸೋತಿತು ಎಂಬ ಕಾಲಂ ವಿದ್ಯಾರ್ಥಿಯ ರೆಕಾರ್ಡು ಪುಸ್ತಕದಲ್ಲಿ ಇನ್ನೂ ಇಲ್ಲ.